ಮೈಸೂರಿಗೆ ಹೊರಟ ಬಸ್ಸು ಒಂದು ವರ್ಷ ಹೇಮಾವತಿ ಕಡೆ ತಿರುಗಲಿ

ದಸರಾ ರಜೆ ಮುಗಿದು ಚಳಿ ಶುರುವಾಯಿತೆಂದರೆ ನಮ್ಮ ಗಡಿಭಾಗದ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಲ ಟೂರ್ ಎಲ್ಲಿಗೆ? ಕೇಳುವುದು ಶಾಸ್ತ್ರಕ್ಕಷ್ಟೇ, ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಮೈಸೂರು. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಹಲ್ಲುಜ್ಜುವುದು, ಆಮೇಲೆ ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಮರುದಿನ ಶ್ರವಣಬೆಳಗೊಳ, ಬೇಲೂರು, ಹಳೇಬೀಡು. ಮೂರನೆಯ ದಿನ ಬೆಳಗಿನ ಜಾವ ಶಾಲೆಯ ಮುಂದೆ ಬಸ್ಸು ನಿಂತಾಗ ಅರ್ಧ ಮಕ್ಕಳಿಗೆ ಜ್ವರ, ಇನ್ನರ್ಧಕ್ಕೆ ಕಣ್ಣು ತೆರೆಯಲಾಗದಷ್ಟು ನಿದ್ದೆ. ಏನು ನೋಡಿದಿರಪ್ಪಾ ಅಂತ ಸೋಮವಾರ ಕೇಳಿದರೆ 'ಜಿರಾಫೆ ಸಾರ್' ಅನ್ನುತ್ತಾರೆ. ಜಿರಾಫೆ ನೋಡಬಾರದು ಅಂತಲ್ಲ ಬಿಡಿ, ನಮಗೂ ಅದು ಇಷ್ಟವೇ.

ನಮ್ಮ ತಕರಾರು ಬೇರೆ. ಪ್ರತಿವರ್ಷ ಕನ್ನಡ ತೋರಿಸುತ್ತೇವೆ ಅಂತ ಹೇಳಿ ಮಕ್ಕಳನ್ನು ಗಡಿ ದಾಟಿಸಿ ಕರೆದುಕೊಂಡು ಹೋಗುತ್ತೇವೆ. ಮೂರು ದಿನ ಸುತ್ತಿಸಿ ವಾಪಸ್ ತಂದು ಬಿಡುತ್ತೇವೆ. ಇದರಿಂದ ಮಗು ಕಲಿಯುವುದೇನು? ಕನ್ನಡ ಇರುವುದು ಅಲ್ಲಿ, ನಾವಿರುವುದು ಇಲ್ಲಿ. ಅಲ್ಲಿ ಅರಮನೆ ಇದೆ, ದೊಡ್ಡ ಗೊಮ್ಮಟ ಇದೆ, ಇಲ್ಲಿ ಏನೂ ಇಲ್ಲ, ಒಂದು ಹಳೇ ಸ್ಕೂಲು ಇದೆ, ಅದೂ ಮುಚ್ಚುವ ಹಾಗಿದೆ. ನಾವು ಬಾಯಿಬಿಟ್ಟು ಹೀಗೆ ಹೇಳುವುದಿಲ್ಲ, ಬಸ್ಸು ಹೇಳುತ್ತದೆ. ಏಳನೇ ಕ್ಲಾಸಿನ ಹುಡುಗನೊಬ್ಬ ಟೂರಿನಿಂದ ಬಂದ ಮೇಲೆ 'ಸಾರ್, ಕನ್ನಡ ನಮ್ದಾ, ಅವರ್ದಾ?' ಅಂತ ಕೇಳಿದ. ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮೈಸೂರಿಗೆ ಹೋಗಬೇಕಾಗಿಲ್ಲ ಎಂಬುದು ನಮ್ಮ ವಾದ. ಗೋರಂಟ್ಲದಿಂದ ಬೆಳಗ್ಗೆ ಹೊರಟರೆ ಸಂಜೆಯೊಳಗೆ ಉತ್ತರ ಸಿಗುತ್ತದೆ, ನಡುವೆ ಬುತ್ತಿ ಬಿಚ್ಚಿ ಉಣ್ಣುವುದಕ್ಕೂ ಸಮಯ ಇರುತ್ತದೆ.

ಹೋದ ಚಳಿಗಾಲದಲ್ಲಿ ನಾವು ನಾಲ್ವರು ಮೇಷ್ಟರು ಅದನ್ನು ಮಾಡಿಯೇ ನೋಡಿದೆವು. ಸಹೋದ್ಯೋಗಿಯೊಬ್ಬರ ಮನೆಯ ಮದುವೆ ಗೋರಂಟ್ಲದಲ್ಲಿತ್ತು. ಶನಿವಾರ ಮದುವೆ, ಭಾನುವಾರ ರಜೆ, ಕೈಯಲ್ಲಿ ಬಾಡಿಗೆ ಕಾರು. ಬಂದ ದಾರಿಯಲ್ಲೇ ಮನೆಗೆ ಹೋಗುವ ಬದಲು ಮುಂದಿನ ವರ್ಷದ ಟೂರಿನ ದಾರಿ ನೋಡಿಕೊಂಡೇ ಹೋಗೋಣ ಅಂತ ತೀರ್ಮಾನವಾಯಿತು.

ಗೋರಂಟ್ಲ ಚಿತ್ರಾವತಿ ನದಿಯ ದಡದ ಊರು. 2022ರ ಏಪ್ರಿಲ್ 4ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಊರಿನಲ್ಲಿ ವಿಜಯನಗರ ಕಾಲದ ಮಾಧವರಾಯನ ಗುಡಿ ಇದೆ, ಕೆತ್ತನೆ ಕಂಬಗಳು ನೋಡುವ ಹಾಗಿವೆ. ಬೆಳಗ್ಗೆ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಇದನ್ನೇ ಬಳ್ಳಾರಿ ಕಡೆಯವರು ಮಂಡಕ್ಕಿ ಒಗ್ಗರಣೆ ಅಂದರೆ ಹೊಸ ತಿಂಡಿ ಆಗಿಬಿಡುತ್ತದೆ! ಮದುವೆಮನೆಯಲ್ಲಿ ಮದರಂಗಿ ಹಚ್ಚಿದ ಕೈಗಳನ್ನು ನೋಡುತ್ತಾ ನಮ್ಮಲ್ಲೊಬ್ಬರು ಗೋರಂಟ್ಲ ಎಂಬ ಹೆಸರು ಗೋರಂಟಿ ಗಿಡದಿಂದಲೇ ಬಂದಿರಬೇಕು ಅಂತ ವಾದ ಹೂಡಿದರು. ಕನ್ನಡದಲ್ಲೂ ಗೋರಂಟಿ, ತೆಲುಗಿನಲ್ಲೂ ಗೋರಿಂಟ. ಸರಿಯೋ ತಪ್ಪೋ, ಮಕ್ಕಳಿಗೆ ಕೊಡಲು ಒಳ್ಳೆಯ ಪ್ರಶ್ನೆ ಅಂತ ಬರೆದಿಟ್ಟುಕೊಂಡೆವು.

ಚಿತ್ರಾವತಿಯೂ ಒಂದು ಪಾಠವೇ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬಾಗೇಪಲ್ಲಿ ಕಡೆಯಿಂದ ಗಡಿ ದಾಟಿ ಗೋರಂಟ್ಲ, ಪುಟ್ಟಪರ್ತಿ ಮುಟ್ಟಿ, ಕೊನೆಗೆ ಪೆನ್ನಾರನ್ನು ಸೇರುತ್ತದೆ. ಆ ಪೆನ್ನಾರು ಬೇರೆ ಯಾವುದೂ ಅಲ್ಲ, ನಮ್ಮ ಪುಸ್ತಕದಲ್ಲಿ ಉತ್ತರ ಪಿನಾಕಿನಿ ಅಂತ ಇರುವುದೇ. ಅದೂ ನಂದಿ ಬೆಟ್ಟದ ಸುತ್ತಿನಲ್ಲೇ ಹುಟ್ಟಿ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆ ಬರುತ್ತದೆ. ದೇವರಾಯನದುರ್ಗದ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಬಂದು ಪರಿಗಿ ಹತ್ತಿರ ಪೆನ್ನಾರಿಗೆ ಸೇರುತ್ತದೆ. ಭೂಗೋಳದ ಮೇಷ್ಟರು ಬೋರ್ಡಿನ ಮೇಲೆ ಎರಡು ರಾಜ್ಯದ ನಕ್ಷೆ ಬೇರೆ ಬೇರೆ ಬರೆದು ನದಿಗಳನ್ನು ಗಡಿಗೆರೆಯ ಹತ್ತಿರ ನಿಲ್ಲಿಸಿಬಿಡುತ್ತಾರೆ. ಸೇತುವೆಯ ಮೇಲೆ ಬಸ್ಸು ನಿಲ್ಲಿಸಿ ಈ ನೀರು ಎಲ್ಲಿಂದ ಬಂತು ಅಂತ ಕೇಳಿದರೆ ಸಾಕು. ನೀರು ಇಲ್ಲದಿದ್ದರೂ ಪರವಾಗಿಲ್ಲ, ಮರಳಾದರೂ ಇರುತ್ತದೆ. ಇದು ದೇಶದಲ್ಲೇ ಮಳೆ ಕಡಿಮೆ ಬೀಳುವ ಸೀಮೆಗಳಲ್ಲಿ ಒಂದು, ನದಿ ಒಣಗಿರುವುದೂ ಪಾಠದ ಒಂದು ಭಾಗ.

ಪಾಲಸಮುದ್ರದ ಹತ್ತಿರ ದೊಡ್ಡ ಹೆದ್ದಾರಿ ಸೇರುತ್ತೇವೆ. ಅಲ್ಲಿ 2024ರ ಜನವರಿ 16ರಂದು ಪ್ರಧಾನಿ ಉದ್ಘಾಟಿಸಿದ ಕಸ್ಟಮ್ಸ್ ಅಧಿಕಾರಿಗಳ ತರಬೇತಿ ಅಕಾಡೆಮಿ ಇದೆ. ಮುಂದೆ ಕೊಡಿಕೊಂಡ ಚೆಕ್‌ಪೋಸ್ಟು. ನೇರ ಹೋದರೆ ಬಾಗೇಪಲ್ಲಿ, ಬೆಂಗಳೂರು. ಚಿಲಮತ್ತೂರಿನ ಕಡೆ ತಿರುಗಿದರೆ ಲೇಪಾಕ್ಷಿ.

ಲೇಪಾಕ್ಷಿಯ ಬಗ್ಗೆ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ, ತೊಂದರೆ ಇರುವುದೇ ಅಲ್ಲಿ. ಗೊತ್ತಿದೆ ಅಂತ ಯಾರೂ ನೋಡುವುದಿಲ್ಲ. ಬಸವಣ್ಣನ ಮುಂದೆ ಫೋಟೋ, ತೂಗುವ ಕಂಬದ ಕೆಳಗೆ ಟವೆಲ್ ಎಳೆಯುವುದು, ಸೀತೆಯ ಪಾದ, ಗೋಡೆಯ ಮೇಲಿನ ಎರಡು ಕೆಂಪು ಗುರುತು ತೋರಿಸಿ ವಿರೂಪಣ್ಣ ಕಣ್ಣು ಕಿತ್ತೆಸೆದ ಕಥೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಕಥೆ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಮೇಲೆ ತಲೆ ಎತ್ತಿ ನೋಡುವವರು ಕಡಿಮೆ. ಛಾವಣಿಯ ತುಂಬ ಚಿತ್ರಗಳಿವೆ. ಕಿರಾತಾರ್ಜುನರ ಕಾಳಗ, ಪಾರ್ವತಿಯ ಮದುವೆ, ಎಲ್ಲಕ್ಕಿಂತ ದೊಡ್ಡದಾಗಿ ವೀರಭದ್ರ. ಗಂಡಸರ ತಲೆಯ ಮೇಲೆ ಉದ್ದ ಕುಲಾವಿ, ಹೆಂಗಸರ ಸೀರೆಗಳ ಅಂಚು ಒಂದರಂತೆ ಒಂದಿಲ್ಲ. ಐನೂರು ವರ್ಷದ ಹಿಂದೆ ನಮ್ಮ ಸೀಮೆಯ ಜನ ಏನು ಉಡುತ್ತಿದ್ದರು ಅನ್ನುವುದನ್ನು ಮೇಷ್ಟರು ವರ್ಣಿಸಬೇಕಾಗಿಲ್ಲ, ಕುತ್ತಿಗೆ ನೋಯುವವರೆಗೆ ನೋಡಿದರಾಯಿತು. ಗುಡಿಯ ಹಿಂದೆ ನೆಲದ ಬಂಡೆಯಲ್ಲೇ ಕೊರೆದ ತಟ್ಟೆಗಳಿವೆ, ಶಿಲ್ಪಿಗಳು ಊಟ ಮಾಡುತ್ತಿದ್ದ ತಟ್ಟೆ ಅನ್ನುತ್ತಾರೆ. ಮಕ್ಕಳಿಗೆ ತೂಗುವ ಕಂಬಕ್ಕಿಂತ ಈ ತಟ್ಟೆಗಳೇ ಹೆಚ್ಚು ಹಿಡಿಸಬಹುದು.

ಗುಡಿ ಕಟ್ಟಿಸಿದವರು ವಿರೂಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ (1529–1542), ಪೆನುಕೊಂಡೆಯ ಆಡಳಿತ ನೋಡಿಕೊಳ್ಳುತ್ತಿದ್ದವರು. 2022ರಲ್ಲಿ ಈ ಗುಡಿ ಮತ್ತು ಬಸವ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆದರೆ ನಾವು ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವುದು ಇದಕ್ಕಲ್ಲ. ಅಲ್ಲಿ ಕನ್ನಡ ಶಾಸನಗಳಿವೆ. ಕಲ್ಲಿನ ಮೇಲೆ, ಕಣ್ಣೆದುರಿಗೇ ಇವೆ. ಸಾವಿರಾರು ಜನ ಪಕ್ಕದಲ್ಲೇ ಹಾದು ಹೋಗುತ್ತಾರೆ. ನಮ್ಮಲ್ಲಿ ಹಳಗನ್ನಡ ಓದಿಕೊಂಡ ಮೇಡಂ ಒಬ್ಬರಿದ್ದರು. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಬಿಡಿಸತೊಡಗಿದಾಗ ಯಾರೋ ಪ್ರವಾಸಿಗರ ಹುಡುಗಿ, ಆರೇಳನೇ ಕ್ಲಾಸು ಇರಬಹುದು, ಬಂದು ನಿಂತಳು. ಹಿಂದೂಪುರದವಳು, ತೆಲುಗು ಮಾಧ್ಯಮ. ಮೇಡಂ 'ಶ್ರೀ' ಅಂದಾಗ ಅವಳೂ 'ಶ್ರೀ' ಅಂದಳು. ಮುಂದಿನ ಅಕ್ಷರವನ್ನು ಮೇಡಮ್ಮಿಗಿಂತ ಮೊದಲು ಅವಳೇ ಓದಿದಳು!

ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ನಮ್ಮ ಈ ವಾದವನ್ನು ಕೆಲವರು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಲೇಪಾಕ್ಷಿ ನಮ್ಮದು, ಹೇಮಾವತಿ ನಮ್ಮದು, ಕೊಡಿ ಅಂತ ಜಗಳ ತೆಗೆಯುವುದಕ್ಕೆ ಅಲ್ಲ ಈ ಮಾತು. ರಾಜ್ಯೋತ್ಸವದ ವೇದಿಕೆಗಳಲ್ಲಿ ಅಂಥ ಭಾಷಣ ಸಾಕಷ್ಟು ಕೇಳಿದ್ದೇವೆ, ಭಾಷಣ ಮಾಡಿದವರು ರಾತ್ರಿಯೇ ಊರಿಗೆ ಹೋಗುತ್ತಾರೆ, ಬೆಳಗ್ಗೆ ಬಾಗಿಲು ತೆಗೆಯುವವರು ನಾವು. ಆ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿ ಹೆಚ್ಚುಕಡಿಮೆ ಒಂದೇ. ಆ ಹುಡುಗಿ ಓದಿದ್ದು ಅದಕ್ಕೇ. ಕಲ್ಯಾಣದುರ್ಗ ತಾಲ್ಲೂಕಿನ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು (1893–1979) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಟ್ಟಲೆ ತೆಲುಗು ಪಾಠ ಹೇಳಿದರು, ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆದರು, ಅನ್ನಮಯ್ಯನ ಕೀರ್ತನೆಗಳಿಗೆ ಸ್ವರ ಹಾಕಿದರು. ಅವರನ್ನು ಯಾವ ಕಡೆ ಸೇರಿಸುತ್ತೀರಿ? ಕೋಲಾರದ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ, ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮರಾಠಿ ಸಾಲಿದೆ. ಕೋಲಾರ ತಮಿಳುನಾಡಿಗೆ ಹೋಗಲಿಲ್ಲ, ಬೆಳಗೊಳ ಮಹಾರಾಷ್ಟ್ರಕ್ಕೂ ಹೋಗಲಿಲ್ಲ. ಹಾಗೆಯೇ ಇದು.

ಮಗುವಿಗೆ ಬೇಕಾದದ್ದು ಹಕ್ಕುಪತ್ರ ಅಲ್ಲ. ತಾನು ಓದುತ್ತಿರುವ ಅಕ್ಷರ ಈ ನೆಲಕ್ಕೆ ಹೊಸದಾಗಿ ಬಂದು ಕೂತದ್ದಲ್ಲ ಅನ್ನುವ ಒಂದು ಧೈರ್ಯ. ಅಷ್ಟು ಸಾಕು.

ಇಲ್ಲಿ ಇಂಗ್ಲೆಂಡಿನ ಮಾತು ಸ್ವಲ್ಪ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಕೆಲಸದಲ್ಲಿದ್ದಾನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು ಅಂತ ಹೇಳಿಕೊಳ್ಳಲು ನಮಗೆ ಸಂತೋಷ. ರಜೆಯ ದಿನ ಗೆಳೆಯರ ಜೊತೆ ಕಾರಿನಲ್ಲಿ ಕಾಟ್ಸ್‌ವೋಲ್ಡ್ಸ್ ಅನ್ನುವ ಹಳ್ಳಿಗಾಡು ಸುತ್ತಿ ಬಂದು ಫೋಟೋಗಳನ್ನು ಕಳಿಸಿದ್ದ. ಲಂಡನ್ ಸೇತುವೆ ಇರಬಹುದು ಅಂತ ನೋಡಿದರೆ ಒಂದು ಕಲ್ಲಿನ ಮನೆ, ಕುರಿ ಮೇಯುವ ಗುಡ್ಡ, ಒಂದು ಚರ್ಚು, ಹೊಲದ ನಡುವೆ ಕಾಲುದಾರಿ, ದಾರಿಗೊಂದು ಮರದ ಕೈಕಂಬ. ಇದನ್ನು ನೋಡೋಕೆ ಜನ ದೂರದಿಂದ ಬರ್ತಾರೆ ಸಾರ್ ಅಂತ ಬರೆದಿದ್ದ. ಆ ಚರ್ಚುಗಳು ಎದ್ದದ್ದು ಕುರಿ ಉಣ್ಣೆಯ ವ್ಯಾಪಾರದ ದುಡ್ಡಿನಲ್ಲಿ. ಕುರಿ ನಮ್ಮಲ್ಲೂ ಇವೆ, ಕಂಬಳಿಯೂ ಇದೆ!

ಅಲ್ಲಿ 1949ರಲ್ಲಿ ಒಂದು ಕಾನೂನು ಬಂತು. ಹೊಲಗದ್ದೆಗಳ ನಡುವೆ ಜನ ಹಿಂದಿನಿಂದ ನಡೆದುಕೊಂಡು ಬಂದ ಕಾಲುದಾರಿಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡಬೇಕು ಅಂತ. ಹಳೆಯ ಮನೆ, ತೋಟ, ಗುಡ್ಡಗಳನ್ನು ಕಾಪಾಡಲು 1895ರಲ್ಲೇ ನ್ಯಾಷನಲ್ ಟ್ರಸ್ಟ್ ಅಂತ ಸಂಸ್ಥೆ ಕಟ್ಟಿಕೊಂಡಿದ್ದರು. ಇನ್ನೊಂದು, 1086ರಲ್ಲಿ ಅಲ್ಲಿನ ರಾಜ ಊರೂರಿನ ಲೆಕ್ಕ ಬರೆಸಿದ ಡೂಮ್ಸ್‌ಡೇ ಪುಸ್ತಕ. ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಒಕ್ಕಲು ಅಂತ ಇದೆ. ಅದರಲ್ಲಿ ನಮ್ಮ ಊರಿನ ಹೆಸರಿದೆ ಅಂತ ಸಣ್ಣ ಸಣ್ಣ ಹಳ್ಳಿಯವರೂ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಂತೆ.

ನಮಗೂ ಅಂಥ ಪುಸ್ತಕ ಇದೆ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಎಂಬುದೇ ಅದರ ವಿಷಯ. ಮೊದಲ ಭಾಗ 1939ರಲ್ಲಿ, ವಿಜಯನಗರ ಕಾಲದ ಶಾಸನಗಳಿರುವ ಎರಡನೆಯ ಭಾಗ 1941ರಲ್ಲಿ ಬಂತು. ಸಂಪಾದಕರು ಆರ್. ಶಾಮಾಶಾಸ್ತ್ರಿ, ಎನ್. ಲಕ್ಷ್ಮೀನಾರಾಯಣ ರಾವ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ತೋರಿಸಿದರಲ್ಲ, ಅದೇ ಶಾಮಾಶಾಸ್ತ್ರಿಗಳು. ಅನಂತಪುರ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆದ್ದರಿಂದ ರೈಸ್ ಸಾಹೇಬರು ಮೈಸೂರು ಸೀಮೆಗಾಗಿ ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಊರುಗಳನ್ನು ಹುಡುಕಬೇಡಿ, ಹುಡುಕಬೇಕಾದದ್ದು ಇದರಲ್ಲಿ. ಕನ್ನಡ ಶಾಲೆಯ ಬೀರುವಿನಲ್ಲಿ ಇರಬೇಕಾದ ಪುಸ್ತಕ. ಟೂರಿಗೆ ಮುಂಚೆ ಒಂದು ವಾರ ಮಕ್ಕಳಿಗೆ ಅದರ ಪುಟಗಳ ಪ್ರತಿ ಕೊಟ್ಟು ನಿಮಗೆ ಗೊತ್ತಿರುವ ಊರ ಹೆಸರು ಹುಡುಕಿ ಅಂತ ಬಿಟ್ಟುನೋಡಿ.

ಹಿಂದೂಪುರದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹುಣಸೆಹಣ್ಣಿಗೆ, ಬೆಲ್ಲಕ್ಕೆ, ರೇಷ್ಮೆಗೂಡಿಗೆ ಹೆಸರಾದ ಊರು, ಭಾನುವಾರದ ಟ್ರಾಫಿಕ್ಕು ಸಾಕುಸಾಕಾಯಿತು. ನಮ್ಮಲ್ಲೊಬ್ಬರಿಗೆ ವಿದುರಾಶ್ವತ್ಥಕ್ಕೆ ಹೋಗಲೇಬೇಕೆಂಬ ಹಟ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ, ಹಿಂದೂಪುರದಿಂದ ಕೂಗಳತೆಯಲ್ಲಿ, ಗಡಿಯಾಚೆ. ಹೋಗಬೇಕಾದದ್ದೇ. ಆದರೆ ಒಂದು ದಿನಕ್ಕೆ ಎಲ್ಲವನ್ನೂ ತುರುಕಿದರೆ ಮತ್ತೆ ಮೈಸೂರು ಟೂರೇ ಆಗುತ್ತದೆ. ಪೆನುಕೊಂಡೆಯನ್ನೂ ಅದೇ ಕಾರಣಕ್ಕೆ ಬಿಟ್ಟೆವು. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ರಾಜಧಾನಿಯಾದ ಊರನ್ನು ಅರ್ಧ ಗಂಟೆಯಲ್ಲಿ ಮುಗಿಸುವುದು ಮರ್ಯಾದೆಯಲ್ಲ.

ಮಡಕಶಿರದ ದಾರಿ ಹಿಡಿದ ಮೇಲೆ ಕಾರಿನೊಳಗೆ ಮಾತು ನಿಂತು ಎಲ್ಲರೂ ಹೊರಗೆ ನೋಡತೊಡಗಿದೆವು. ಕೆಂಪು ನೆಲ, ಗುಂಡುಬಂಡೆಯ ಗುಡ್ಡಗಳು, ಕಡಲೆಕಾಯಿ ಕಿತ್ತ ಹೊಲ, ಹಿಪ್ಪುನೇರಳೆ ತೋಟ, ಬೋರ್‌ವೆಲ್ ಕೈಕೊಡದ ಕಡೆ ಅಡಿಕೆ. ಅಂಗಡಿ ಬೋರ್ಡುಗಳು ತೆಲುಗು, ಅಂಗಡಿಯೊಳಗಿನ ಮಾತು ಕನ್ನಡ. ಚಹಾ ಕೊಟ್ಟವನು ನಮ್ಮ ಜೊತೆ ಕನ್ನಡ, ಹಾಲಿನವನ ಜೊತೆ ತೆಲುಗು, ಫೋನಿನಲ್ಲಿ ಎರಡೂ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನೆನಪಿಗೆ ಬಂತು. ಅವರೂ ಗಡಿಯಾಚೆಯ ಮೇಷ್ಟರೇ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಅರಮನೆ ಎಲ್ಲಿದೆ? ದಾರಿಬದಿಯ ಗಿಡದ ಮುಂದೆ ನಿಲ್ಲುತ್ತಾರೆ, ಅದೇ ಅಧ್ಯಾಯ ಆಗುತ್ತದೆ.

ಹೇಮಾವತಿ ಅಮರಾಪುರಂ ಮಂಡಲದ ಊರು. ಗಡಿ ಪಕ್ಕದಲ್ಲೇ, ಆಚೆಗೆ ಶಿರಾ ಸೀಮೆ. ಶಾಸನಗಳಲ್ಲಿ ಇದರ ಹೆಸರು ಹೆಂಜೇರು. ಸಾವಿರ ವರ್ಷಕ್ಕೂ ಹಿಂದೆ ನೊಳಂಬ ಪಲ್ಲವರ ರಾಜಧಾನಿ. ಅವರ ನೊಳಂಬವಾಡಿ ಮೂವತ್ತೆರಡು ಸಾವಿರದಲ್ಲಿ ಈಗಿನ ಚಿತ್ರದುರ್ಗ, ತುಮಕೂರು, ಕೋಲಾರ, ಅನಂತಪುರ ಸೀಮೆಗಳೆಲ್ಲ ಬರುತ್ತಿದ್ದವು, ಒಂದು ತುದಿ ತಮಿಳುನಾಡಿನ ಧರ್ಮಪುರಿಯವರೆಗೆ ಚಾಚಿತ್ತು. ಅಂದರೆ ಇವತ್ತಿನ ಮೂರು ರಾಜ್ಯಗಳನ್ನು ಆಳಲು ಕೂತಿದ್ದ ಊರು ಇದು! ಪೊಳಲ್ಚೋರ, ಮಹೇಂದ್ರ, ಅಯ್ಯಪ, ದಿಲೀಪ. ನಮ್ಮ ಮಕ್ಕಳಿಗೆ ಅಕ್ಬರನ ಅಪ್ಪ ಗೊತ್ತು, ಅಜ್ಜ ಗೊತ್ತು, ಈ ಹೆಸರು ಒಂದೂ ಗೊತ್ತಿಲ್ಲ. ತುಮಕೂರು ಕಡೆಯ ನೊಣಬರ ಹೆಸರು ನೊಳಂಬದಿಂದಲೇ ಬಂದದ್ದು ಅನ್ನುತ್ತಾರೆ. ಗಂಗರ ಮಾರಸಿಂಹ ಹತ್ತನೆಯ ಶತಮಾನದಲ್ಲಿ ಇವರನ್ನು ಸೋಲಿಸಿ ನೊಳಂಬಕುಲಾಂತಕ ಅಂತ ಬಿರುದು ಇಟ್ಟುಕೊಂಡ. ಗೆದ್ದವನ ಬಿರುದಿನಲ್ಲಿ ಸೋತವರ ಹೆಸರು ಉಳಿದಿದೆ.

ಇಲ್ಲಿನ ಸಿದ್ಧೇಶ್ವರನ ಗುಡಿಯೊಳಗೆ ಹೋದವರು ಲಿಂಗ ಇರುತ್ತದೆ ಅಂದುಕೊಂಡು ಹೋಗುತ್ತಾರೆ. ಲಿಂಗವಲ್ಲ, ಕುಳಿತ ಮನುಷ್ಯರೂಪದ ಶಿವ. ಪಕ್ಕದ ದೊಡ್ಡೇಶ್ವರದಲ್ಲಿ ಲಿಂಗವಿದೆ, ಮುಂದೆ ನುಣುಪು ಕಲ್ಲಿನ ನಂದಿ. ಕಿಟಕಿಗಳೂ ಕಲ್ಲೇ, ಜಾಲಂಧ್ರ ಕೊರೆದು ನಡುನಡುವೆ ಮೂರ್ತಿಗಳನ್ನು ಬಿಡಿಸಿದ್ದಾರೆ. ಕಂಬಗಳಂತೂ ಮರ ಕಡೆದಂತೆ ಕಡೆದಿವೆ. ಆವರಣದಲ್ಲಿ ಪುರಾತತ್ವ ಇಲಾಖೆಯವರು ಶಿಲ್ಪಗಳನ್ನು ಇಟ್ಟಿರುವ ಸಣ್ಣ ಮ್ಯೂಸಿಯಂ ಇದೆ. ಇನ್ನೂ ಎಷ್ಟೋ ಇಲ್ಲಿಂದ ಹೊರಗೆ ಹೋಗಿವೆ. ಚೋಳರು ಹೊತ್ತೊಯ್ದ ನೊಳಂಬರ ಕಂಬಗಳು ತಂಜಾವೂರು ಹತ್ತಿರದ ತಿರುವೈಯಾರಿನ ಗುಡಿಯಲ್ಲಿವೆ. ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲೂ ಹೇಮಾವತಿಯ ಶಿಲ್ಪಗಳಿವೆ, ಸಿ. ಶಿವರಾಮಮೂರ್ತಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಸಾವಿರ ವರ್ಷದ ಹಿಂದೆ ಗೆದ್ದ ರಾಜ ಚಿನ್ನ ಬಿಟ್ಟು ಕಂಬ ಹೊತ್ತುಕೊಂಡು ಹೋದ ಅಂದರೆ ಆ ಕಂಬ ಹೇಗಿರಬೇಕು, ಮಕ್ಕಳೇ ಲೆಕ್ಕ ಹಾಕಲಿ. (ಚಿನ್ನವನ್ನೂ ಬಿಟ್ಟಿರಲಾರ.)

ಹೆಂಜೇರಿನ ಕಂಬದ ಮೇಲೆ ನೊಳಂಬರ ವಂಶಾವಳಿ ಇದೆ, ಕನ್ನಡದಲ್ಲಿ. ಇದನ್ನು ಮಕ್ಕಳು ಓದಲಾರರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ. ಲೇಪಾಕ್ಷಿಯ ಹದಿನಾರನೆಯ ಶತಮಾನದ ಅಕ್ಷರ ಬೇರೆ, ಒಂಬತ್ತು ಹತ್ತನೆಯ ಶತಮಾನದ್ದು ಬೇರೆ. ಮೇಡಮ್ಮಿಗೂ ಪುಸ್ತಕದ ಸಹಾಯ ಬೇ��ಾಯಿತು. ಆದರೆ ಒಂದೇ ದಿನ ಎರಡನ್ನೂ ನೋಡಿದ ಮಗುವಿಗೆ ಅಕ್ಷರ ಬೆಳೆಯುತ್ತದೆ, ಮೈ ಬದಲಾಯಿಸುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಬೆಳಗ್ಗೆ ಅರ್ಧ ಓದಲಾಯಿತು, ಮಧ್ಯಾಹ್ನ ಏನೂ ಓದಲಾಗಲಿಲ್ಲ, ಎರಡೂ ಕನ್ನಡವೇ ಅಂತೆ. ಇದಕ್ಕಿಂತ ಒಳ್ಳೆಯ ಭಾಷಾಪಾಠವನ್ನು ಕ್ಲಾಸಿನಲ್ಲಿ ನಾವು ಮಾಡಿಲ್ಲ.

ಗುಡಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಯಾವೂರಪ್ಪಾ ಅಂತ ಮಾತಾಡಿಸಿದರು. ಹೇಳಿದೆವು. ಮೇಷ್ಟರು ಅಂದ ತಕ್ಷಣ ಅವರ ದೂರು ಶುರುವಾಯಿತು. 'ಮೊಮ್ಮಕ್ಕಳನ್ನ ಇಂಗ್ಲಿಷ್ ಸ್ಕೂಲಿಗೆ ಹಾಕಿದಾರಪ್ಪಾ, ಬಸ್ಸು ಮನೆ ಬಾಗಿಲಿಗೇ ಬತ್ತದೆ. ನನ್ನ ಹತ್ರ ಮಾತೇ ಆಡಲ್ಲ, ಆಡಿದರೆ ನಗ್ತವೆ.' ಏನು ಹೇಳುವುದು? 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳಲ್ಲೆಲ್ಲ ಇಂಗ್ಲಿಷ್ ಮಾಧ್ಯಮ ಅಂತ ಆದೇಶ ತಂದಾಗ ನಮ್ಮ ಎದೆ ಒಡೆದಿತ್ತು, 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿದಾಗ ಸಿಹಿ ಹಂಚಿದೆವು. ಸಂವಿಧಾನದ 350ಎ ವಿಧಿ 1956ರಿಂದ ಇದೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಬೇಕು ಅಂತ. ಕೋರ್ಟಿನಲ್ಲಿ ಗೆಲ್ಲಬಹುದು. ಮನೆ ಬಾಗಿಲಿಗೆ ಬಂದ ಹಳದಿ ಬಸ್ಸಿನ ಎದುರು ಯಾವ ವಿಧಿಯೂ ನಿಲ್ಲುವುದಿಲ್ಲ. ಅಜ್ಜಿಯ ಮಾತಿಗೆ ನಗುವ ಮಗುವಿಗೆ, ನಿನ್ನ ಅಜ್ಜಿ ಕೂತಿರುವ ಊರು ರಾಜಧಾನಿ ಆಗಿತ್ತು, ಈ ಕಂಬದ ಮೇಲಿನ ಮಾತು ಅವಳ ಮಾತಿನ ಮುತ್ತಜ್ಜಿ ಅಂತ ಯಾರು ಹೇಳಬೇಕು? ಮೈಸೂರು ಅರಮನೆಯ ಗೈಡು ಹೇಳುವುದಿಲ್ಲ.

ನಮ್ಮ ಈ ಸಲಹೆಗೆ ಸ್ಟಾಫ್ ರೂಮಿನಲ್ಲೇ ವಿರೋಧ ಬಂತು, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರು ಹೇಳಿದ ಮಾತಿಗೆ ತೂಕ ಇದೆ. ನಮ್ಮ ಮಕ್ಕಳು ಕೂಲಿಯವರ ಮಕ್ಕಳು, ಕುರಿ ಕಾಯುವವರ ಮಕ್ಕಳು. ಜನ್ಮದಲ್ಲಿ ಒಂದು ಸಲ ದೊಡ್ಡ ಊರು, ದೀಪ, ಕಾರಂಜಿ ನೋಡುವ ಅವಕಾಶ ಶಾಲೆಯ ಟೂರಿನಲ್ಲೇ ಸಿಗುವುದು. ಅದನ್ನೂ ಕಿತ್ತುಕೊಂಡು ಪಕ್ಕದೂರಿನ ಕಲ್ಲು ತೋರಿಸುತ್ತೀರಾ? ಇನ್ನೊಂದು, ತಾಯಿಯೊಬ್ಬರು ಕೇಳಿದ್ದು: 'ಲೇಪಾಕ್ಷಿಗೆ ಹಬ್ಬಕ್ಕೆ ನಾವೇ ಕರ್ಕೊಂಡು ಹೋಗ್ತೀವಿ ಸಾರ್, ಅದಕ್ಕೆ ಸ್ಕೂಲಿಗೆ ಯಾಕೆ ದುಡ್ಡು ಕಟ್ಟಬೇಕು?'

ಮೊದಲನೆಯದಕ್ಕೆ ನಮ್ಮ ಉತ್ತರ: ಮೈಸೂರನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಹತ್ತನೇ ತರಗತಿಯವರು ಹೋಗಲಿ, ಕಾರಂಜಿ ನೋಡಲಿ. ಏಳು ಮತ್ತು ಎಂಟನೇ ತರಗತಿಯವರ ಬಸ್ಸು ಮಾತ್ರ ಹೇಮಾವತಿ ಕಡೆ ತಿರುಗಲಿ. ಒಂದು ಹಗಲಿನ ದಾರಿ, ರಾತ್ರಿ ಉಳಿಯುವ ಖರ್ಚಿಲ್ಲ, ಹೆಣ್ಣುಮಕ್ಕಳನ್ನು ರಾತ್ರಿ ಕಳಿಸುವುದಿಲ್ಲ ಅನ್ನುವ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಈ ಕೊನೆಯ ಮಾತಿಗೆ ಮಾತ್ರ ಯಾರೂ ಎದುರಾಡಲಿಲ್ಲ. ಪ್ರತಿ ವರ್ಷ ಟೂರಿನ ದಿನ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತದೆ ಅಂತ ನಿಮ್ಮ ಶಾಲೆಯಲ್ಲೂ ನೋಡಿ. ತಾಯಿ ಕೇಳಿದ್ದಕ್ಕೆ ಉತ್ತರ ಮೇಷ್ಟರ ಕೈಯಲ್ಲಿದೆ. ಹಬ್ಬಕ್ಕೆ ಹೋದಾಗ ನೋಡುವುದನ್ನೇ ನಾವೂ ತೋರಿಸಿದರೆ ಆಕೆ ಹೇಳುವುದು ಸರಿ, ದುಡ್ಡು ಕೇಳಬಾರದು.

ಬೇರೆ ಗಡಿಗಳಲ್ಲಿರುವ ಕನ್ನಡ ಶಾಲೆಯವರಿಗೂ ಇದೇ ಮಾತು. ಕಾಸರಗೋಡಿನವರಿಗೆ ಮಂಜೇಶ್ವರದಲ್ಲಿ ಗೋವಿಂದ ಪೈಯವರ ಮನೆ ಗಿಳಿವಿಂಡು ಇದೆ. ತೆಲಂಗಾಣದವರು ಕರೀಂನಗರದ ಹತ್ತಿರದ ಕುರಿಕ್ಯಾಲಕ್ಕೆ ಹೋಗಬಹುದು. ಅಲ್ಲಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಇದೆ. ಪಂಪನ ಮನೆತನದ ಸುದ್ದಿ ಕೊಡುವ ಕಲ್ಲು ಗಡಿಯಾಚೆ ಇದೆ ನೋಡಿ. ಮಹಾರಾಷ್ಟ್ರದ ಕನ್ನಡ ಶಾಲೆಯವರು ತಮ್ಮ ದಾರಿಯನ್ನು ತಾವೇ ಹೇಳಲಿ, ಕೇಳಲು ಕಾಯುತ್ತಿದ್ದೇವೆ.

ಹೊರಡುವವರಿಗೆ ಕೆಲವು ಮಾತು. ಡಿಸೆಂಬರ್, ಜನವರಿ ಒಳ್ಳೆಯದು, ಮಾರ್ಚ್ ಬಂದರೆ ಲೇಪಾಕ್ಷಿಯ ಬಂಡೆಯ ಮೇಲೆ ಬರಿಗಾಲಿಡಲಾಗುವುದಿಲ್ಲ. ಶಿವರಾತ್ರಿಯ ಸುಮಾರಿಗೆ ಜನ ಹೆಚ್ಚು, ಮಕ್ಕಳನ್ನು ಎಣಿಸುವುದೇ ಕೆಲಸವಾಗುತ್ತದೆ. ಲೇಪಾಕ್ಷಿಗೆ ಕನಿಷ್ಠ ಎರಡು ಗಂಟೆ, ಹೇಮಾವತಿಗೂ ಎರಡು ಗಂಟೆ ಇಟ್ಟುಕೊಳ್ಳಿ. ಬುತ್ತಿ ಕಟ್ಟಿಕೊಂಡೇ ಹೋಗಿ, ಚಿತ್ರಾನ್ನ, ಮೊಸರನ್ನ ಸಾಕು. ಶಾಸನಕ್ಕೆ ಸೀಮೆಸುಣ್ಣ ಬಳಿಯಲು, ನೀರು ಹಾಕಿ ಉಜ್ಜಲು ಬಿಡಬೇಡಿ, ಪಕ್ಕದಿಂದ ಬೆಳಕು ಬೀಳುವ ಹೊತ್ತಿಗೆ ನಿಂತರೆ ಅಕ್ಷರ ತಾನೇ ಏಳುತ್ತದೆ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಫೋನು ಮೇಷ್ಟರ ಹತ್ತಿರ ಒಂದೇ ಇರಲಿ. ನಮ್ಮ ಬಸ್ಸಿನಲ್ಲಿ ಹಿಂದೂಪುರದ ತೆಲುಗು ಶಾಲೆಯ ಮಕ್ಕಳಿಗೂ ಹತ್ತು ಸೀಟು ಬಿಡಬೇಕು ಅಂತ ಮೇಡಂ ಹೇಳುತ್ತಿದ್ದಾರೆ. ಹೆಡ್‌ಮಾಸ್ತರು ಇನ್ನೂ ಒಪ್ಪಿಲ್ಲ.